ಒಂದೇ ತೋಟ, ಮೂವರು ಒಡೆಯರು: ಘಾನಾದ ಕೋಕೋ, ನೆಲ ಮತ್ತು ಕಾಡಿನ ಇತಿಹಾಸ

ಕೋಕೋ ನೆರಳಿನಲ್ಲಿ ಹುಟ್ಟಿದ ಮರ. ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಮೇಲ್ಭಾಗದ ಕಾಡು ಅದರ ತವರು. ಅಲ್ಲಿ ಅದು ಎತ್ತರದ ಮರಗಳ ಅಡಿಯಲ್ಲಿ, ತೇವ ಆರದ ಗಾಳಿಯಲ್ಲಿ, ತರಗೆಲೆ ಕೊಳೆತು ಹದವಾದ ನೆಲದಲ್ಲಿ ಬೆಳೆಯುತ್ತದೆ. ಇಂದು ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬರುವುದು ಪಶ್ಚಿಮ ಆಫ್ರಿಕದಿಂದ, ಮುಖ್ಯವಾಗಿ ಐವರಿ ಕೋಸ್ಟ್ ಮತ್ತು ಘಾನಾಗಳಿಂದ. ಎರಡೂ ದೇಶಗಳಲ್ಲಿ ಅದನ್ನು ಬೆಳೆಯುವವರು ದೊಡ್ಡ ತೋಟದ ಕಂಪನಿಗಳಲ್ಲ, ಕೆಲವೇ ಎಕರೆ ಇರುವ ಸಣ್ಣ ಹಿಡುವಳಿದಾರರು. ಘಾನಾದಲ್ಲೇ ಇಂಥ ಸುಮಾರು 8 ಲಕ್ಷ ಕುಟುಂಬಗಳಿವೆ.

ಕೋಕೋ ಘಾನಾದಲ್ಲಿ ನೆಲೆಯೂರಿ ಸುಮಾರು ಒಂದೂವರೆ ಶತಮಾನವಾಯಿತು. ಈ ಅವಧಿಯಲ್ಲಿ ದೇಶದ ದಕ್ಷಿಣ ಭಾಗದ ಕಾಡಿನ ಬಹುಪಾಲು ತೋಟವಾಗಿ, ಹೊಲವಾಗಿ ಬದಲಾಗಿದೆ. ಈ ಬದಲಾವಣೆಗೆ ರೈತನ ಆಸೆಯೊಂದನ್ನೇ ಕಾರಣವೆಂದು ಹೇಳಿದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ನೆಲ ಯಾರದು, ಬೆಳೆ ಯಾರದು, ತೋಟದ ನಡುವೆ ನಿಂತ ನೆರಳಿನ ಮರ ಯಾರದು ಎಂಬ ಮೂರು ಪ್ರಶ್ನೆಗಳಿಗೆ ಕಾಲಕಾಲಕ್ಕೆ ಸಿಕ್ಕ ಉತ್ತರಗಳೇ ಕಾಡಿನ ಹಣೆಬರಹವನ್ನು ಬರೆದವು.

ಬೀಜ ಬಂದ ದಾರಿ

1822ರಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ಕೋಕೋ ಸಸಿಗಳನ್ನು ಗಿನಿ ಕೊಲ್ಲಿಯ ಪ್ರಿನ್ಸಿಪೆ ದ್ವೀಪಕ್ಕೆ ತಂದರು. ಅಲ್ಲಿಂದ ಅದು ಪಕ್ಕದ ಸಾವೊ ತೊಮೆಗೆ ಹಬ್ಬಿತು. ಈಗ ಬಿಯೊಕೊ ಎನ್ನಿಸಿಕೊಳ್ಳುವ ಫರ್ನಾಂಡೊ ಪೊ ದ್ವೀಪಕ್ಕೂ ತಲುಪಿತು. ಘಾನಾ ಆಗ ಬ್ರಿಟಿಷರ ಬಾಯಲ್ಲಿ ‘ಗೋಲ್ಡ್ ಕೋಸ್ಟ್’ ಆಗಿತ್ತು. ಅಲ್ಲಿ ಮೊದಲು ಕೋಕೋ ಬೆಳೆಸಲು ಯತ್ನಿಸಿದವರು ಬಾಸೆಲ್ ಮಿಷನ್ನಿನವರು. 1834ರಲ್ಲಿ ಮಂಗಳೂರಿಗೆ ಬಂದು ಮುದ್ರಣಾಲಯ, ಹೆಂಚಿನ ಕಾರ್ಖಾನೆಗಳನ್ನು ಕಟ್ಟಿದ ಮಿಷನ್ ಇದೇ; ಗೋಲ್ಡ್ ಕೋಸ್ಟಿನಲ್ಲಿ ಅದು 1828ರಿಂದಲೇ ನೆಲೆಗೊಂಡಿತ್ತು. 1850ರ ದಶಕದ ಕೊನೆಯಲ್ಲಿ ಅಕುಆಪೆಮ್ ಗುಡ್ಡಸಾಲಿನಲ್ಲಿ ಮಿಷನರಿಗಳು ನೆಟ್ಟ ಸಸಿಗಳು ಬೆಳೆಯಾಗಿ ಹರಡಲಿಲ್ಲ.

ಹರಡುವ ಕೆಲಸ ಒಬ್ಬ ಕಮ್ಮಾರನಿಂದ ಆಯಿತು. ಟೆಟ್ಟೆ ಕ್ವಾರ್ಶಿ 1870ರಲ್ಲಿ ಫರ್ನಾಂಡೊ ಪೊ ದ್ವೀಪಕ್ಕೆ ಹೋಗಿ, 1876ರಲ್ಲಿ ಕೋಕೋ ಬೀಜಗಳೊಂದಿಗೆ ಹಿಂದಿರುಗಿದ. 1879ರಲ್ಲಿ ಮಾಂಪಾಂಗ್ ಎಂಬ ಊರಿನಲ್ಲಿ ಅವನು ಮಾಡಿದ ಸಣ್ಣ ತೋಟದಿಂದ ನೆರೆಹೊರೆಯವರು ಕಾಯಿ ಕೊಂಡು ತಮ್ಮ ನೆಲದಲ್ಲಿ ಬೀಜ ಹಾಕಿದರು. 1886ರಲ್ಲಿ ಗವರ್ನರ್ ವಿಲಿಯಂ ಬ್ರಾಂಡ್‌ಫೋರ್ಡ್ ಗ್ರಿಫಿತ್ ಸಾವೊ ತೊಮೆಯಿಂದ ಕಾಯಿಗಳನ್ನು ತರಿಸಿದ. 1890ರಲ್ಲಿ ಶುರುವಾದ ಅಬುರಿಯ ಸಸ್ಯೋದ್ಯಾನ ಸಸಿಗಳನ್ನು ಹಂಚಿತು.

1891ರಲ್ಲಿ ಗೋಲ್ಡ್ ಕೋಸ್ಟಿನಿಂದ ಹೊರಹೋದ ಕೋಕೋ 80 ಪೌಂಡ್, ಅಂದರೆ ಸುಮಾರು 36 ಕಿಲೋ. ಇಪ್ಪತ್ತೇ ವರ್ಷಗಳಲ್ಲಿ, 1911ರಲ್ಲಿ, ಅದು ಸುಮಾರು 40,000 ಟನ್ನಿಗೆ ಏರಿತು. ಗೋಲ್ಡ್ ಕೋಸ್ಟ್ ಜಗತ್ತಿನಲ್ಲೇ ಅತಿ ಹೆಚ್ಚು ಕೋಕೋ ಬೆಳೆಯುವ ನಾಡಾಯಿತು. ಈ ಏರಿಕೆಯಲ್ಲಿ ಬಿಳಿಯರ ತೋಟಗಳ ಪಾತ್ರ ಇಲ್ಲವೆನ್ನುವಷ್ಟು ಕಡಿಮೆ. ಸಾವೊ ತೊಮೆಯಲ್ಲಿ ಪೋರ್ಚುಗೀಸ್ ಧಣಿಗಳು ಅಂಗೋಲಾದಿಂದ ಹಿಡಿದು ತಂದವರನ್ನು ಗುಲಾಮರಂತೆ ದುಡಿಸುತ್ತಿದ್ದರು. ಅದು ಬಯಲಾಗಿ 1909ರಲ್ಲಿ ಕ್ಯಾಡ್ಬರಿ ಕಂಪನಿ ಅಲ್ಲಿನ ಖರೀದಿ ನಿಲ್ಲಿಸಿತು. ಗೋಲ್ಡ್ ಕೋಸ್ಟಿನಲ್ಲಿ ಕೋಕೋ ರೈತನ ಸ್ವಂತ ಬೆಳೆಯಾಗಿತ್ತು.

ಹಗ್ಗದಿಂದ ಅಳೆದ ಕಾಡು

ಈ ರೈತರು ಮನೆಯ ಹಿತ್ತಲಲ್ಲಿ ನಾಲ್ಕು ಗಿಡ ನೆಟ್ಟು ಕೂತವರಲ್ಲ. ಅಕುಆಪೆಮ್ ಗುಡ್ಡಗಳಲ್ಲಿ ನೆಲ ಕಡಿಮೆಯಿತ್ತು. ತಾಳೆ ಎಣ್ಣೆ ಮತ್ತು ಕಾಡು ರಬ್ಬರಿನ ವ್ಯಾಪಾರದಲ್ಲಿ ಕೂಡಿಟ್ಟ ಹಣ ಹಿಡಿದು ಅಲ್ಲಿನ ಜನ 1890ರ ದಶಕದಿಂದ ಡೆನ್ಸು ನದಿ ದಾಟಿ ಪಶ್ಚಿಮಕ್ಕೆ, ಆಕ್ಯೆಮ್ ಅಬುಆಕ್ವಾದ ಕಾಡಿಗೆ ನಡೆದರು. ಕ್ರೋಬೊ, ಶಾಯಿ, ಗಾ ಜನರೂ ಅದೇ ದಾರಿ ಹಿಡಿದರು. ಅಲ್ಲಿನ ಒಡೆಯರಿಂದ, ಅಂದರೆ ಸ್ಥಳೀಯ ನಾಯಕರಿಂದ, ಕಾಡನ್ನು ಕ್ರಯಕ್ಕೆ ಕೊಂಡರು. ಬ್ರಿಟಿಷ್ ಅರ್ಥಶಾಸ್ತ್ರಜ್ಞೆ ಪಾಲಿ ಹಿಲ್ 1963ರಲ್ಲಿ ಪ್ರಕಟಿಸಿದ ಪುಸ್ತಕ ಈ ವಲಸೆಯ ವಿವರಗಳನ್ನು ಮೊದಲ ಬಾರಿಗೆ ಒಟ್ಟಾಗಿ ಹೊರತಂದಿತು. ಆಫ್ರಿಕದ ರೈತ ಹೊಟ್ಟೆಪಾಡಿಗಷ್ಟೇ ದುಡಿಯುವವನು, ಬಂಡವಾಳದ ಲೆಕ್ಕ ಅರಿಯದವನು ಎಂಬ ಆಳರಸರ ನಂಬಿಕೆ ಅಲ್ಲಿಗೆ ಸುಳ್ಳಾಯಿತು.

ಕೊಳ್ಳುವ ಕ್ರಮ ಎರಡು ಬಗೆಯದಾಗಿತ್ತು. ತಂದೆಯ ಕಡೆಯಿಂದ ಆಸ್ತಿ ಇಳಿಯುವ ಜನರಲ್ಲಿ ಹಲವರು ಕೂಡಿ ಒಂದು ಗುಂಪು ಕಟ್ಟುತ್ತಿದ್ದರು. ಅದಕ್ಕೆ ‘ಕಂಪನಿ’ ಎಂದೇ ಹೆಸರು. ಗುಂಪಿನ ಮುಖ್ಯಸ್ಥ ಒಡೆಯನೊಂದಿಗೆ ಚೌಕಾಶಿ ಮಾಡಿ ದೊಡ್ಡ ತುಂಡನ್ನು ಕೊಳ್ಳುತ್ತಿದ್ದ. ಹಣವನ್ನು ಕಂತುಗಳಲ್ಲಿ ಕಟ್ಟುವುದೂ ಇತ್ತು. ಆಮೇಲೆ ಹಗ್ಗ ಹಿಡಿದು ಅಳೆದು, ಯಾರು ಎಷ್ಟು ಹಣ ಹಾಕಿದ್ದರೋ ಅಷ್ಟಗಲದ ಉದ್ದ ಪಟ್ಟಿಗಳಾಗಿ ಕಾಡನ್ನು ಹಂಚಿಕೊಳ್ಳುತ್ತಿದ್ದರು. ಕ್ರೋಬೊ ಜನರಲ್ಲಿ ಇಂಥ ಪಟ್ಟಿಗಳ ನೆಲಕ್ಕೆ ‘ಹುಜಾ’ ಎನ್ನುತ್ತಾರೆ. ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಬುರಿಯಂಥ ಊರುಗಳ ಜನ ಗುಂಪು ಕಟ್ಟದೆ ಒಬ್ಬೊಬ್ಬರಾಗಿ ನೆಲ ಕೊಂಡರು. ಅದರಲ್ಲಿ ತಮ್ಮ ಕುಲದವರಿಗೂ ಜಾಗ ಕೊಟ್ಟರು. ಮೊದಲ ತೋಟದ ಆದಾಯದಲ್ಲಿ ಎರಡನೆಯ ತುಂಡು, ಎರಡನೆಯದರಿಂದ ಮೂರನೆಯದು ಹೀಗೆ ಕೊಳ್ಳುತ್ತ ಕೋಕೋ ಪಶ್ಚಿಮಕ್ಕೆ ಸರಿಯಿತು.

ತೋಟ ಮಾಡುವ ಕ್ರಮ ಕಾಡನ್ನು ಒಮ್ಮೆಗೇ ಬೋಳಿಸುವುದಾಗಿರಲಿಲ್ಲ. ಅಡಿಯ ಪೊದೆ, ಸಣ್ಣ ಮರಗಳನ್ನು ಕಡಿದು ಸುಡುತ್ತಿದ್ದರು. ಎತ್ತರದ ಕೆಲವು ಮರಗಳನ್ನು ನೆರಳಿಗೆಂದು ಉಳಿಸುತ್ತಿದ್ದರು. ಎಳೆಯ ಕೋಕೋ ಸಸಿಗಳ ನಡುವೆ ಬಾಳೆ ಮತ್ತು ಕೆಸುವಿನ ಜಾತಿಯ ಗೆಡ್ಡೆ ನೆಟ್ಟರೆ ಸಸಿಗೆ ನೆರಳು, ಮನೆಗೆ ಊಟ. ಈ ಕೆಲಸದ ಹೆಚ್ಚಿನ ಭಾಗ ಹೆಂಗಸರದು. ಫಸಲು ಬಂದ ಮೇಲೆ ಕಾಯಿ ಒಡೆದು ಹಸಿ ಬೀಜವನ್ನು ರಾಶಿ ಹಾಕಿ, ಬಾಳೆ ಎಲೆ ಮುಚ್ಚಿ, ಆರು ದಿನದಷ್ಟು ಹುದುಗಲು ಬಿಟ್ಟು, ಚಾಪೆಯ ಮೇಲೆ ಬಿಸಿಲಿಗೆ ಒಣಗಿಸುತ್ತಿದ್ದರು. ಈ ಪದ್ಧತಿ ಇಂದಿಗೂ ನಡೆದಿದೆ. ಘಾನಾ ಬೀಜಕ್ಕೆ ಜಗತ್ತಿನ ಪೇಟೆಯಲ್ಲಿ ಒಳ್ಳೆಯ ಹೆಸರು ಬಂದದ್ದು ಈ ಶ್ರದ್ಧೆಯಿಂದ.

ಪೀಠದ ನೆಲ

ಘಾನಾದ ಆಕಾನ್ ಜನರಲ್ಲಿ ಒಡೆತನದ ಗುರುತು ಮರದಲ್ಲಿ ಕೆತ್ತಿದ ಪೀಠ. ಅರಸನಿಗೆ ಕಿರೀಟವಿಲ್ಲ, ಪೀಠವಿದೆ. ನೆಲ ಸೇರಿರುವುದು ಪೀಠಕ್ಕೆ, ಅಂದರೆ ಗತಿಸಿದ ಹಿರಿಯರಿಗೆ, ಬದುಕಿರುವವರಿಗೆ ಮತ್ತು ಇನ್ನೂ ಹುಟ್ಟದವರಿಗೆ. ಒಡೆಯ ಅದನ್ನು ಕಾಯುವವನು ಮಾತ್ರ. ಆ ಸಮುದಾಯದವನು ಕನ್ನೆ ಕಾಡನ್ನು ಕಡಿದು ಬೇಸಾಯ ಮಾಡಿದರೆ ಆ ನೆಲದ ಅನುಭೋಗ ಅವನಿಗೂ ಅವನ ಕುಲಕ್ಕೂ ಸಲ್ಲುತ್ತದೆ. ಕಡಿಯದೆ ಬಿಟ್ಟ ಕಾಡಿನ ಮೇಲೆ ಯಾವ ಒಬ್ಬನಿಗೂ ಹಕ್ಕಿಲ್ಲ. ಹಕ್ಕು ಬೇಕಾದರೆ ಕಡಿಯಬೇಕು ಎಂಬ ಈ ನಿಯಮ ಜನ ಕಡಿಮೆ, ಕಾಡು ಹೆಚ್ಚು ಇದ್ದ ಕಾಲಕ್ಕೆ ಸರಿಯಾಗಿತ್ತು. ಕೋಕೋ ಬಂದ ಮೇಲೆ ಅದೇ ನಿಯಮ ಕಾಡಿನ ಮೇಲೆ ಕೊಡಲಿ ಬೀಳಲು ಒಂದು ಕಾರಣವಾಯಿತು.

ಬ್ರಿಟಿಷರು 1894ರಲ್ಲಿ ಒಂದು ಮಸೂದೆ ತಂದು ಸಾಗುವಳಿಯಿಲ್ಲದ ನೆಲ, ಕಾಡು, ಖನಿಜಗಳನ್ನು ರಾಣಿಯ ಆಸ್ತಿಯಾಗಿಸಲು ಹೊರಟರು. ವಿರೋಧ ಎದ್ದಾಗ 1897ರಲ್ಲಿ ಅದನ್ನೇ ತಿದ್ದಿ ಮತ್ತೆ ತಂದರು. ಕರಾವಳಿಯ ವಕೀಲರೂ ಒಡೆಯರೂ ಕೂಡಿ ಕೇಪ್ ಕೋಸ್ಟ್ ಪಟ್ಟಣದಲ್ಲಿ ಮೂಲನಿವಾಸಿಗಳ ಹಕ್ಕು ರಕ್ಷಣಾ ಸಂಘವನ್ನು ಕಟ್ಟಿದರು. ನಮ್ಮ ನಾಡಿನಲ್ಲಿ ಯಾರದೂ ಅಲ್ಲದ ನೆಲ ಎಂಬುದೇ ಇಲ್ಲ ಎಂಬುದು ಅವರ ವಾದದ ತಿರುಳು. 1898ರಲ್ಲಿ ಸಂಘದ ನಿಯೋಗ ಲಂಡನ್ನಿಗೆ ಹೋಗಿ ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲಿನ್ ಎದುರು ಅಹವಾಲು ಹೇಳಿತು; ಮಸೂದೆ ಬಿದ್ದುಹೋಯಿತು. ಭಾರತದಲ್ಲಿ ಬ್ರಿಟಿಷರು 1878ರ ಕಾಯ್ದೆಯಿಂದ ಕಾಡನ್ನು ಸರ್ಕಾರದ್ದಾಗಿ ಮಾಡಿಕೊಂಡಂತೆ ಅಲ್ಲಿ ಮಾಡಲಾಗಲಿಲ್ಲ.

ಕಾಡನ್ನು ಕಾಯುವ ಯೋಚನೆ ಅಲ್ಲಿಗೆ ಬಂದದ್ದೂ ಭಾರತದ ಅರಣ್ಯ ಇಲಾಖೆಯ ದಾರಿಯಿಂದಲೇ. ಆಗ ಬ್ರಿಟಿಷ್ ಭಾರತಕ್ಕೆ ಸೇರಿದ್ದ ಬರ್ಮಾದಲ್ಲಿ ಅರಣ್ಯಾಧಿಕಾರಿಯಾಗಿದ್ದು ನೈಜೀರಿಯಾಕ್ಕೆ ಹೋಗಿದ್ದ ಎಚ್. ಎನ್. ಥಾಂಪ್ಸನ್ 1908ರಲ್ಲಿ ಗೋಲ್ಡ್ ಕೋಸ್ಟಿನ ಕಾಡುಗಳನ್ನು ಸುತ್ತಿ ನೋಡಿ, ಮೀಸಲು ಅರಣ್ಯಗಳು ಬೇಕೆಂದು ಹೇಳಿದ. 1909ರಲ್ಲಿ ಅರಣ್ಯ ಇಲಾಖೆ ಹುಟ್ಟಿತು. 1911ರ ಅರಣ್ಯ ಮಸೂದೆಯನ್ನು ಒಡೆಯರು ಹಳೆಯ ನೆಲದ ಮಸೂದೆಯ ಹೊಸ ವೇಷವೆಂದೇ ತಿಳಿದು ತಡೆದರು. ಕೊನೆಗೆ 1927ರ ಕಾಯ್ದೆಯಂತೆ ನಡುದಾರಿಯೊಂದು ಸಿಕ್ಕಿತು: ಮೀಸಲು ಕಾಡಿನ ಒಡೆತನ ಪೀಠದ್ದೇ, ನಿರ್ವಹಣೆ ಮಾತ್ರ ಸರ್ಕಾರದ್ದು. ಎರಡನೆಯ ಮಹಾಯುದ್ಧ ಶುರುವಾಗುವ ಹೊತ್ತಿಗೆ ಈಗಿರುವ ಮೀಸಲು ಕಾಡುಗಳಲ್ಲಿ ಹೆಚ್ಚಿನವುಗಳ ಗಡಿ ಹಾಕಿಯಾಗಿತ್ತು. ಸುಮಾರು 82,000 ಚದರ ಕಿಲೋಮೀಟರ್ ಎತ್ತರದ ಕಾಡಿನ ವಲಯದಲ್ಲಿ ಐದನೆಯ ಒಂದು ಭಾಗದಷ್ಟು ಮೀಸಲಾಯಿತು. ಇದಕ್ಕೆ ಕೊಟ್ಟ ಮುಖ್ಯ ಕಾರಣ ಕೋಕೋವೇ. ಸಹಾರಾದ ಕಡೆಯಿಂದ ಬೀಸುವ ಹರ್ಮಟಾನ್ ಎಂಬ ಒಣಗಾಳಿಯನ್ನು ತಡೆಯಲು, ನದಿಮೂಲಗಳನ್ನು ಉಳಿಸಲು, ತೋಟಗಳಿಗೆ ತೇವ ಸಿಗಲು ಕಾಡು ಬೇಕೆಂದು ಅಧಿಕಾರಿಗಳು ವಾದಿಸಿದ್ದರು. ಗಡಿ ಹಾಕುವಾಗ ಒಳಗೆ ಸಿಕ್ಕ ಹಳೆಯ ತೋಟಗಳಿಗೆ ಅಲ್ಲೇ ಮುಂದುವರಿಯಲು ಅನುಮತಿ ಕೊಟ್ಟರು.

ಅಬುಸಾ, ಅಬುನು ಮತ್ತು ಮನೆಯವರ ಪಾಲು

ಕಾಡಿಗೆ ಬೆಲೆ ಬಂದಂತೆ ಒಡೆಯರು ಅದನ್ನು ಕ್ರಯಕ್ಕೆ ಕೊಡುವುದನ್ನು ಬಿಟ್ಟರು. ಆಕ್ಯೆಮ್ ಅಬುಆಕ್ವಾದ ಅರಸ ಒಂದನೆಯ ಒಫೊರಿ ಅತ್ತಾ ಹೊರಗಿನವರಿಗೆ ನೆಲ ಮಾರುವುದನ್ನು ತಡೆಯಲು ಯತ್ನಿಸಿದ. ಅಶಾಂಟಿ ಸೀಮೆಯಲ್ಲಿ, ಮುಂದೆ ಪಶ್ಚಿಮದ ಸೆಫ್ವಿ ಸೀಮೆಯಲ್ಲಿ, ವಲಸೆ ಬಂದವರಿಗೆ ನೆಲ ಸಿಕ್ಕಿದ್ದು ಹೆಚ್ಚಾಗಿ ಕಾಣಿಕೆ ಅಥವಾ ಪಾಲಿನ ಕರಾರಿನ ಮೇಲೆ. ಈ ಕರಾರುಗಳಲ್ಲಿ ಎರಡು ಮುಖ್ಯ. ‘ಅಬುಸಾ’ ಎಂದರೆ ಮೂರು ಪಾಲು: ಒಬ್ಬನಿಗೆ ಒಂದು, ಇನ್ನೊಬ್ಬನಿಗೆ ಎರಡು. ಮೊದಮೊದಲು ಬೆಳೆದು ನಿಂತ ತೋಟವನ್ನು ನೋಡಿಕೊಳ್ಳುವ ಆಳಿಗೆ ಮೂರನೆಯ ಒಂದು ಪಾಲು ಕೊಡುವುದು ಇದರ ರೂಪ. ‘ಅಬುನು’ ಎಂದರೆ ಎರಡು ಪಾಲು, ನಮ್ಮ ಕೋರು ಬೇಸಾಯದ ಹಾಗೆ. ಒಡೆಯ ಕಾಡು ಕೊಡುತ್ತಾನೆ, ಬಂದವನು ಕಡಿದು, ನೆಟ್ಟು, ಬೆಳೆಸುತ್ತಾನೆ. ಫಸಲು ಬರತೊಡಗಿದ ಮೇಲೆ ತೋಟವೋ ಉತ್ಪತ್ತಿಯೋ ಸರಿಸಮ ಹಂಚಿಕೆಯಾಗುತ್ತದೆ.

ಬರಿಗೈಯಲ್ಲಿ ಬಂದವನಿಗೂ ದುಡಿಮೆಯ ಬಲದಿಂದ ತೋಟ ಸಿಗುವ ದಾರಿ ಇದಾಗಿತ್ತು. ಆದರೆ ಕರಾರು ಹೆಚ್ಚಾಗಿ ಬಾಯಿಮಾತಿನದು, ನಾಲ್ವರು ಸಾಕ್ಷಿಗಳ ಎದುರಿನದು. ಅನೇಕ ಕಡೆ ಪಾಲುಗಾರನ ಹಕ್ಕು ಕೋಕೋ ಮರ ನಿಂತಿರುವಷ್ಟು ಕಾಲ ಮಾತ್ರ. ಮರ ಸತ್ತರೆ ಅಥವಾ ಕಡಿದರೆ ನೆಲ ಒಡೆಯನಿಗೆ ಮರಳುತ್ತದೆ. ಆದ್ದರಿಂದ ಮುಪ್ಪಾದ, ಫಲ ಕಡಿಮೆಯಾದ ಮರವನ್ನು ತೆಗೆದು ಹೊಸದು ನೆಡಲು ಪಾಲುಗಾರ ಹೆದರುತ್ತಾನೆ. ಹಳೆಯ ತೋಟ ಹೊಸದಾಗದಿದ್ದರೆ ಉಳಿಯುವ ದಾರಿ ಒಂದೇ, ಇನ್ನೊಂದು ಕಡೆ ಕಾಡು ಕಡಿಯುವುದು.

ಮನೆಯೊಳಗೂ ಇದೇ ತೊಡಕು. ಆಕಾನರದು ಅಳಿಯಸಂತಾನದ ಪದ್ಧತಿ. ಗಂಡನೊಂದಿಗೆ ಇಪ್ಪತ್ತು ವರ್ಷ ತೋಟದಲ್ಲಿ ದುಡಿದ ಹೆಂಡತಿ ಮತ್ತು ಮಕ್ಕಳು ಅವನು ತೀರಿಕೊಂಡರೆ ಬರಿಗೈಯಾಗುತ್ತಿದ್ದರು. ತೋಟ ಅವನ ತಾಯಿಯ ಕುಲಕ್ಕೆ, ಅಂದರೆ ತಮ್ಮಂದಿರಿಗೋ ಸೋದರಳಿಯನಿಗೋ ಹೋಗುತ್ತಿತ್ತು. ಬದುಕಿರುವಾಗಲೇ ಸಾಕ್ಷಿಗಳ ಎದುರು ಹೆಂಡತಿಗೆ ತುಂಡು ತೋಟ ದಾನ ಕೊಡುವ ರೂಢಿ ಇದಕ್ಕೆ ಪರಿಹಾರವಾಗಿ ಬೆಳೆಯಿತು. 1985ರಲ್ಲಿ ಬಂದ ಉತ್ತರಾಧಿಕಾರ ಕಾಯ್ದೆ, ಉಯಿಲು ಬರೆಯದೆ ಸತ್ತವನ ಸ್ವಯಾರ್ಜಿತದಲ್ಲಿ ಹೆಂಡತಿ ಮಕ್ಕಳಿಗೆ ದೊಡ್ಡ ಪಾಲು ಕೊಟ್ಟಿತು.

ಮಾರಾಟ ನಿಲ್ಲಿಸಿದ ರೈತರು, ಕಡಿಸಿಕೊಂಡ ಮರಗಳು

ನೆಲದ ಮೇಲೆ ಹಿಡಿತ ಸಡಿಲವಾಗಿದ್ದರೂ ಬೆಳೆಯ ಮೇಲಿನ ಹಕ್ಕನ್ನು ರೈತರು ಗಟ್ಟಿಯಾಗಿ ಹಿಡಿದರು. 1937ರಲ್ಲಿ ಯುನೈಟೆಡ್ ಆಫ್ರಿಕ ಕಂಪನಿ, ಕ್ಯಾಡ್ಬರಿ ಮೊದಲಾದ ಯುರೋಪಿನ ಖರೀದಿದಾರರು ಪೈಪೋಟಿ ಬಿಟ್ಟು ಬೆಲೆಯ ಬಗ್ಗೆ ಒಪ್ಪಂದ ಮಾಡಿಕೊಂಡರು. ರೈತರು ಅಕ್ಟೋಬರ್‌ನಿಂದ ಮಾರನೆಯ ವರ್ಷದ ಏಪ್ರಿಲ್‌ವರೆಗೆ ಕೋಕೋ ಮಾರದೆ ಕಟ್ಟಿಟ್ಟರು. ವಿದೇಶಿ ಸರಕನ್ನೂ ಬಹಿಷ್ಕರಿಸಿದರು. ವಿಚಾರಣೆಗೆ ಬಂದ ನೋವೆಲ್ ಆಯೋಗ ಖರೀದಿದಾರರ ಒಪ್ಪಂದ ಕೈಬಿಡಬೇಕೆಂದು ಹೇಳಿತು. ಖರೀದಿ ಕ್ರಮೇಣ ಸರ್ಕಾರದ ಕೈಗೆ ಬಂದು, 1947ರಲ್ಲಿ ಕೋಕೋ ಮಾರಾಟ ಮಂಡಳಿ ಸ್ಥಾಪನೆಯಾಯಿತು.

ಅದೇ ಹೊತ್ತಿಗೆ ರೋಗವೊಂದು ಹಬ್ಬುತ್ತಿತ್ತು. 1936ರಲ್ಲಿ ಪೂರ್ವ ಭಾಗದ ತೋಟಗಳಲ್ಲಿ ಚಿಗುರು ಊದಿಕೊಂಡು ಮರ ಒಣಗುವುದು ಕಂಡುಬಂತು. ಹಿಟ್ಟು ತಿಗಣೆಯಿಂದ ಹರಡುವ ವೈರಸ್ ಇದಕ್ಕೆ ಕಾರಣವೆಂದು ಟಾಫೊದ ಸಂಶೋಧನಾ ಕೇಂದ್ರದಲ್ಲಿ ಗೊತ್ತಾಯಿತು. ಮದ್ದಿಲ್ಲದ ಕಾರಣ ರೋಗದ ಮರವನ್ನೂ ಅದರ ಸುತ್ತಲಿನ ಮರಗಳನ್ನೂ ಕಡಿಯಲು ಸರ್ಕಾರ ಆಳುಗಳನ್ನು ಕಳಿಸಿತು. ಇನ್ನೂ ಕಾಯಿ ಬಿಡುತ್ತಿದ್ದ ಮರ ಕಣ್ಣೆದುರು ಉರುಳುವುದನ್ನು ನೋಡಿದ ರೈತರ ಸಿಟ್ಟು 1948ರ ಗಲಭೆಗಳ ಹಿಂದಿನ ಅಸಮಾಧಾನಗಳಲ್ಲಿ ಒಂದಾಗಿತ್ತು. ಆ ಗಲಭೆಗಳು ಸ್ವಾತಂತ್ರ್ಯ ಹೋರಾಟಕ್ಕೆ ವೇಗ ಕೊಟ್ಟವು. ಈ ರೋಗಕ್ಕಾಗಿ ಇದುವರೆಗೆ ಕಡಿದ ಮರಗಳು 20 ಕೋಟಿಗೂ ಹೆಚ್ಚು. ರೋಗ ಇನ್ನೂ ಹೋಗಿಲ್ಲ.

ನೆರಳಿನ ಮರ ಸರ್ಕಾರದ್ದಾದಾಗ

1957ರಲ್ಲಿ ಘಾನಾ ಸ್ವತಂತ್ರವಾಯಿತು. 1962ರ ಕಾಯ್ದೆಯೊಂದು ನಾಟಾ ಮರಗಳನ್ನೆಲ್ಲ, ರೈತನ ತೋಟದಲ್ಲಿದ್ದರೂ, ಪೀಠಗಳ ಪರವಾಗಿ ರಾಷ್ಟ್ರಾಧ್ಯಕ್ಷರ ವಶಕ್ಕೆ ಕೊಟ್ಟಿತು. ಅಲ್ಲಿಗೆ ಒಂದೇ ತೋಟಕ್ಕೆ ಮೂವರು ಒಡೆಯರಾದರು: ನೆಲ ಪೀಠದ್ದು, ಕೋಕೋ ಮರ ರೈತನದು, ಮೇಲೆ ನೆರಳು ಕೊಡುವ ಮರ ಸರ್ಕಾರದ್ದು. ಆ ಮರವನ್ನು ಕಡಿಯುವ ಪರವಾನಗಿ ಸಿಗುತ್ತಿದ್ದುದು ಪೇಟೆಯ ನಾಟಾ ಗುತ್ತಿಗೆದಾರನಿಗೆ. ಅವನ ಆಳುಗಳು ತೋಟಕ್ಕೆ ನುಗ್ಗಿ ಮರ ಉರುಳಿಸಿದಾಗ ಅಡಿಯಲ್ಲಿ ಹತ್ತಾರು ಕೋಕೋ ಮರಗಳು ಮುರಿಯುತ್ತಿದ್ದವು. ರೈತನಿಗೆ ನಾಟಾದ ಬೆಲೆಯಲ್ಲಿ ಪಾಲಿಲ್ಲ. ಮುರಿದ ಮರಕ್ಕೆ ಪರಿಹಾರ ಸಿಕ್ಕರೆ ಅಷ್ಟಿಷ್ಟು.

ರೈತರು ತಮ್ಮದೇ ದಾರಿ ಹುಡುಕಿಕೊಂಡರು. ಬೆಲೆಬಾಳುವ ಜಾತಿಯ ಸಸಿ ತೋಟದಲ್ಲಿ ಮೊಳೆತರೆ ಕಳೆಯಂತೆ ಕಿತ್ತರು. ಬೆಳೆದ ಮರದ ಬುಡದ ತೊಗಟೆ ಸುಲಿದು, ಬೆಂಕಿ ಇಟ್ಟು ಒಣಗಿಸಿದರು. ಕರ್ನಾಟಕದಲ್ಲಿ ಶ್ರೀಗಂಧ ಸರ್ಕಾರದ ಮರವಾಗಿದ್ದಷ್ಟು ಕಾಲ ಖಾಸಗಿ ಜಮೀನಿನಲ್ಲಿ ಅದನ್ನು ಯಾರೂ ಇಷ್ಟಪಟ್ಟು ಬೆಳೆಸಲಿಲ್ಲ, 2001ರ ತಿದ್ದುಪಡಿ ಮರವನ್ನು ಜಮೀನಿನ ಒಡೆಯನಿಗೆ ಕೊಟ್ಟ ಮೇಲೆಯೇ ಜನ ನೆಡತೊಡಗಿದರು. ಘಾನಾದ ನೆರಳಿನ ಮರದ್ದೂ ಅದೇ ಕತೆ. ವಿಜ್ಞಾನವೂ ಆ ಕಾಲಕ್ಕೆ ನೆರಳಿನ ವಿರುದ್ಧ ನಿಂತಿತು. ನೆರಳು ತೆಗೆದು ಗೊಬ್ಬರ ಕೊಟ್ಟರೆ ಇಳುವರಿ ಬಹಳ ಏರುತ್ತದೆಂದು ಟಾಫೊದ ಪ್ರಯೋಗಗಳು ತೋರಿಸಿದವು. ಮುಂದೆ ಬಂದ ಸಂಕರ ತಳಿಗಳು ಬಿಸಿಲನ್ನು ತಾಳಿ ಬೇಗ ಫಲ ಕೊಟ್ಟವು. ಗೊಬ್ಬರ ಕೊಳ್ಳಲು ಹಣವಿಲ್ಲದ ರೈತನ ಬಿಸಿಲು ತೋಟ ಬೇಗ ಸೊರಗಿತು.

ಪಶ್ಚಿಮಕ್ಕೆ ಸರಿದ ಗಡಿ

1960ರ ದಶಕದ ನಡುವೆ ಘಾನಾದ ಫಸಲು ಐದೂವರೆ ಲಕ್ಷ ಟನ್ ದಾಟಿತು. ಅಲ್ಲಿಂದ ಇಳಿಮುಖ. ಪೇಟೆಯ ಬೆಲೆಯಲ್ಲಿ ರೈತನಿಗೆ ಸಿಗುವ ಪಾಲು ಕುಗ್ಗಿತು. 1969ರಲ್ಲಿ ಪರವಾನಗಿಯಿಲ್ಲದ ವಿದೇಶಿಯರನ್ನು ಸರ್ಕಾರ ಹೊರಗಟ್ಟಿದಾಗ ತೋಟಗಳಿಗೆ ಆಳಿಲ್ಲದಂತಾಯಿತು. 1983ರ ಬರದಲ್ಲಿ ಕಾಡುಗಿಚ್ಚು ಎದ್ದು ಅಪಾರ ತೋಟಗಳು ಸುಟ್ಟವು. 1983-84ರ ಫಸಲು ಸುಮಾರು 1.6 ಲಕ್ಷ ಟನ್ನಿಗೆ ಕುಸಿಯಿತು. ಪೂರ್ವದ ಹಳೆಯ ತೋಟಗಳನ್ನು ಮತ್ತೆ ಕಟ್ಟುವ ಬದಲು ಜನ ಪಶ್ಚಿಮ ಪ್ರಾಂತ್ಯದ ಕಾಡಿಗೆ ಹೋದರು.

ಇದರ ಹಿಂದಿನ ಲೆಕ್ಕವನ್ನು ಫ್ರೆಂಚ್ ಅರ್ಥಶಾಸ್ತ್ರಜ್ಞ ಫ್ರಾನ್ಸ್ವಾ ರ‍್ಯೂಫ್ ‘ಕಾಡಿನ ಲಾಭ’ ಎಂಬ ಪರಿಕಲ್ಪನೆಯಿಂದ ವಿವರಿಸಿದ್ದಾರೆ. ಹೊಸದಾಗಿ ಕಾಡು ಕಡಿದ ನೆಲದಲ್ಲಿ ಸಾರವಿದೆ, ತೇವವಿದೆ. ಕಳೆ, ರೋಗ ಕಡಿಮೆ. ಹಳೆಯ ತೋಟದಲ್ಲಿ ಮರುನೆಡಲು ಗೊಬ್ಬರ ಬೇಕು, ದುಡಿಮೆ ಹೆಚ್ಚು ಬೇಕು. ಕಾಡಿನ ಸಾರವನ್ನು ಬೆಲೆ ಕೊಡದೆ ಬಳಸಲು ಸಾಧ್ಯವಿರುವಷ್ಟು ಕಾಲ ಕೋಕೋ ಕಾಡಿನತ್ತಲೇ ಸರಿಯುತ್ತದೆ.

ಗಡಿಯಾಚೆಯ ಐವರಿ ಕೋಸ್ಟಿನಲ್ಲಿ ಈ ಓಟ ಇನ್ನೂ ಜೋರಾಗಿತ್ತು. ನೆಲ ಅದನ್ನು ಸಾಗುವಳಿ ಮಾಡುವವನದು ಎಂದು ಮೊದಲ ಅಧ್ಯಕ್ಷ ಫೆಲಿಕ್ಸ್ ಉಫುಯೆ ಬೊಆನಿ ಸಾರಿದರು; ಲಕ್ಷಾಂತರ ವಲಸಿಗರು ಬಂದರು; 1970ರ ದಶಕದ ಕೊನೆಗೆ ಆ ದೇಶ ಘಾನಾವನ್ನು ಹಿಂದೆ ಹಾಕಿತು. 1998ರ ಕಾಯ್ದೆ ಗ್ರಾಮೀಣ ನೆಲದ ಒಡೆತನವನ್ನು ದೇಶದ ಪ್ರಜೆಗಳಿಗಷ್ಟೇ ಎಂದಾಗ ವಲಸಿಗರ ಕಾಲಡಿಯ ನೆಲ ಅಲುಗಿತು. 2002ರಲ್ಲಿ ಎದ್ದ ಅಂತರ್ಯುದ್ಧದ ಬೇರುಗಳಲ್ಲಿ ಈ ನೆಲದ ಜಗಳವೂ ಒಂದು. ಸುಮಾರು 1.6 ಕೋಟಿ ಹೆಕ್ಟೇರ್ ಇದ್ದ ಅಲ್ಲಿನ ಕಾಡು ಈಗ 30 ಲಕ್ಷ ಹೆಕ್ಟೇರ್‌ಗೆ ಇಳಿದಿದೆ.

ಹಕ್ಕನ್ನು ತಿದ್ದುವ ಯತ್ನಗಳು

ಘಾನಾದ 2002ರ ತಿದ್ದುಪಡಿ ರೈತ ನೆಟ್ಟು ಬೆಳೆಸಿದ ಮರವನ್ನು ಗುತ್ತಿಗೆದಾರನ ಕೈಯಿಂದ ಬಿಡಿಸಿತು. ತಾನಾಗಿ ಮೊಳೆತ ಮರ ಮಾತ್ರ ಸರ್ಕಾರದ್ದಾಗಿಯೇ ಉಳಿಯಿತು. ತೋಟದ ಮರ ನೆಟ್ಟದ್ದೋ ಮೊಳೆತದ್ದೋ ಎಂದು ಇಪ್ಪತ್ತು ವರ್ಷದ ಮೇಲೆ ಹೇಗೆ ಸಾಬೀತು ಮಾಡುವುದು? ಇದಕ್ಕಾಗಿ ನೆಟ್ಟ ಮರಗಳನ್ನು ರೈತನ ಹೆಸರಿನಲ್ಲಿ ದಾಖಲಿಸುವ ಕೆಲಸ ಕೆಲವು ಜಿಲ್ಲೆಗಳಲ್ಲಿ ಶುರುವಾಗಿದೆ. 2017ರಲ್ಲಿ ಘಾನಾ, ಐವರಿ ಕೋಸ್ಟ್ ಮತ್ತು ಚಾಕೊಲೇಟ್ ಕಂಪನಿಗಳು ಕೋಕೋಗಾಗಿ ಇನ್ನು ಕಾಡು ಕಡಿಯುವುದಿಲ್ಲವೆಂಬ ಒಪ್ಪಂದಕ್ಕೆ ಸಹಿ ಹಾಕಿದವು. 2020ರ ಭೂ ಕಾಯ್ದೆ ರೂಢಿಯ ಹಕ್ಕುಗಳನ್ನು ದಾಖಲಿಸಲು ದಾರಿ ಮಾಡಿತು. 2023ರ ಜನವರಿಯಲ್ಲಿ ವಿಶ್ವಬ್ಯಾಂಕ್ ಕಾಡಿನ ನಾಶ ತಡೆದು ಇಂಗಾಲ ಉಳಿಸಿದ್ದಕ್ಕೆ ಘಾನಾಕ್ಕೆ 48 ಲಕ್ಷ ಡಾಲರ್‌ಗೂ ಹೆಚ್ಚು ಹಣ ಕೊಟ್ಟಿತು. ಅದೇ ವರ್ಷ ಯುರೋಪಿಯನ್ ಒಕ್ಕೂಟ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕೋಕೋವನ್ನು ಕೊಳ್ಳಬಾರದೆಂಬ ಕಾನೂನು ಮಾಡಿತು. ಅದರ ಜಾರಿ ಮುಂದಕ್ಕೆ ಹೋಗಿದೆ.

ಇನ್ನೊಂದು ಕಡೆಯಿಂದ ಹೊಸ ಅಪಾಯ ಬಂದಿದೆ. ‘ಗಲಮ್ಸೆ’ ಎಂದು ಕರೆಯುವ ಅಕ್ರಮ ಚಿನ್ನದ ಗಣಿಗಾರಿಕೆ ಕೋಕೋ ತೋಟಗಳನ್ನು ಅಗೆಯುತ್ತಿದೆ, ನದಿಗಳನ್ನು ಕೆಡಿಸುತ್ತಿದೆ. ಪಾಲುಗಾರ ತೋಟ ಮಾಡಿದ ನೆಲವನ್ನು ಒಡೆಯ ಗಣಿಯವರಿಗೆ ಕೊಟ್ಟರೆ, ಕಾಗದವಿಲ್ಲದ ಪಾಲುಗಾರ ತಡೆಯಲಾರ. 2024ರಲ್ಲಿ ಕೋಕೋ ಬೆಲೆ ಟನ್ನಿಗೆ 10,000 ಡಾಲರ್ ದಾಟಿದಾಗಲೂ ರೋಗ, ಮುಪ್ಪಾದ ಮರ ಮತ್ತು ಗಣಿಗಳಿಂದ ಸೊರಗಿದ್ದ ಘಾನಾದ ರೈತರಿಗೆ ಮಾರಲು ಬೀಜವೇ ಕಡಿಮೆಯಿತ್ತು.

ಒಂದೂವರೆ ಶತಮಾನದ ಈ ಚರಿತ್ರೆಯಲ್ಲಿ ಕಾಡನ್ನು ಕಡಿದದ್ದೂ ರೈತನ ಕೈಯೇ, ಉಳಿಸಬಲ್ಲದ್ದೂ ಅದೇ ಕೈ. ಮೀಸಲು ಗಡಿಯ ಹೊರಗೆ ಘಾನಾದಲ್ಲಿ ಇಂದು ದಟ್ಟ ಕಾಡು ಹೆಚ್ಚೇನೂ ಉಳಿದಿಲ್ಲ. ಉಳಿದಿರುವುದು ಕೋಕೋ ತೋಟಗಳ ನಡುವೆ ಅಲ್ಲಲ್ಲಿ ನಿಂತ ಹಳೆಯ ಮರಗಳು. ಅವುಗಳ ಬುಡದಲ್ಲಿ ದಿನವೂ ದುಡಿಯುವವನಿಗೆ ಅವುಗಳ ಮೇಲೆ ಹಕ್ಕು ಸಿಗುವವರೆಗೆ ಯಾವ ಒಪ್ಪಂದವೂ ಅವನ್ನು ಕಾಯಲಾರದು.